ಗಳಿಕೆ ರಜೆ

ಹತ್ತೊಂಬತ್ತು ವರ್ಷ ನಿಂತೇ ಹೋದ ದಾರಿಯಲ್ಲಿ
ಈಗ ಕೂತು ಹೋಗುತ್ತಿದ್ದೇನೆ.

ರಜೆ ಅರ್ಜಿಯಲ್ಲಿ 'ಕಾರಣ' ಎಂಬ ಗೆರೆಯ ಮೇಲೆ
'ಸೈಕಲ್ಲು' ಅಂತ ಬರೆದದ್ದಕ್ಕೆ
ಡಿಪೋದ ಗುಮಾಸ್ತ ಎರಡು ಸಲ ಕನ್ನಡಕ ಒರೆಸಿಕೊಂಡ.
'ಸೈಕಲ್ಲಿಂದ ಬಿದ್ರಾ?'
'ಇಲ್ಲ, ಇನ್ನು ಬೀಳಬೇಕು.'

ಸೈಕಲ್ಲು ತಂಗಿಯ ಮಗನದು. ಏಳು ಗೇರು ಇವೆಯಂತೆ,
ನನ್ನ ಕೈಗೆ ಸಿಕ್ಕಿದ್ದು ಮೂರು.
ಚೈನಿಗೆ ಎಣ್ಣೆ ಬಿಟ್ಟ ವರ್ಕ್‌ಶಾಪಿನ ಬುಡನ್ ಸಾಬರು
ಬ್ರೇಕು ಹಿಚುಕಿ ನೋಡಿ
'ನಿಮ್ಮ ಬಸ್ಸಿಗಿಂತ ಅಡ್ಡಿಲ್ಲ' ಅಂದರು.

ಕಾರವಾರದಿಂದ ಬಿಣಗಾ:
ಕಣ್ಣು ಮುಚ್ಚಿ ಟಿಕೆಟ್ಟು ಹರಿದ ಒಂದೇ ಒಂದು ಸ್ಟೇಜು.
ಅದರೊಳಗೆ ಇಷ್ಟು ಏರು ಮಡಚಿಟ್ಟಿದ್ದರೆಂದು
ಯಾವ ದರಪಟ್ಟಿಯೂ ಹೇಳಿರಲಿಲ್ಲ.
ಎರಡು ಸಲ ಇಳಿದೆ, ನೂಕಿದೆ.
ಗೇರುಮರದ ಬುಡದಲ್ಲಿ ಕೂತು
ಮೊಣಕಾಲಿಗೆ ಬೈದೆ.

ಬಸ್ಸಲ್ಲಿ ನಿಂತವಳಿಗೆ ಕಿಟಕಿ ಸೊಂಟದ ಮಟ್ಟ.
ನಾನು ಕಂಡ ಕರಾವಳಿಯೆಂದರೆ
ಮೋರಿ, ಮೈಲುಗಲ್ಲು, ಬುಟ್ಟಿ, ಕಾಯುವವರ ಕಾಲು.
ಕಾಲು ನೋಡಿ ಹೇಳಬಲ್ಲೆ, ಇವರು ಹಾರವಾಡ, ಇವರು ಅವರ್ಸಾ.
ಕೈ ನೋಡಿ ಹೇಳಬಲ್ಲೆ,
ಮೂರು ಸ್ಟೇಜಿಗೆ ಐನೂರರ ನೋಟು ಬರುತ್ತದೆ.
ಗುಡ್ಡಗಳಿಗೆ ತಲೆಯೂ ಇದೆಯೆಂದು
ಕಂಡದ್ದು ಈ ಸೋಮವಾರ, ಅರ್ಗಾದ ಇಳಿಜಾರಲ್ಲಿ:
ಬಿಳಿಹೊಟ್ಟೆಯ ಹದ್ದೊಂದು
ಒದ್ದೆ ಹಾವನ್ನು ಕಾಲಲ್ಲಿ ಇರುಕಿಕೊಂಡು ರಸ್ತೆ ದಾಟಿತು.
ಕೈ ತಾನಾಗಿ ಚೀಲ ತಡಕಿತು,
ಲಗೇಜು ಚೀಟಿಗೆ.

ತೊಡೂರಿನ ಹತ್ತಿರ ಬೆನ್ನಿಗೆ ಬಿದ್ದ ಹಾರ್ನು ಗುರುತಿನದು.
ಏಳೂ ನಲವತ್ತರ ಕುಮಟಾ.
ಬೊಮ್ಮಯ್ಯ ಗೌಡ ಬಸ್ಸನ್ನು ನನ್ನ ಪೆಡಲಿನ ಮಟ್ಟಕ್ಕೆ ಇಳಿಸಿ
'ಶೇವಂತಕ್ಕಾ, ಹತ್ತು! ಸೈಕಲ್ ಮೇಲೆ ಹಾಕ್ವ!'
ನನ್ನ ಜಾಗದ ಹೊಸ ಹುಡುಗ ಬಾಗಿಲಿಗೆ ಜೋತು ನಗುತ್ತಿದ್ದ.
ಒಳಗಿನಿಂದ ಯಾರೋ,
'ಅಕ್ಕಾ, ನಂದು ಎರಡು ರೂಪಾಯಿ ಬಾಕಿ ಅದೆ!'
ಮೊಣಕಾಲು ಹತ್ತೆಂದಿತು. ನಿಜ ಹೇಳುತ್ತೇನೆ, ಹತ್ತೆಂದಿತು.
ನಾನು ನಾಲಗೆ ಮಡಚಿ ಸಿಳ್ಳೆ ಹಾಕಿದೆ, ಎರಡು ಸಲ:
ರೈಟ್.
ಪಾಪ ಬೊಮ್ಮಯ್ಯ, ಅಭ್ಯಾಸಬಲ,
ಗೇರು ಹಾಕಿ ಹೊರಟೇಬಿಟ್ಟ.

ಆಮೇಲೆ ತುಂಬ ಹೊತ್ತು ಡೀಸೆಲ್ ವಾಸನೆ,
ಆಮೇಲೆ ಸಮುದ್ರದ್ದು.

ಮರುದಿನ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳ ನಡುವೆ,
ಯಾವ ಸ್ಟಾಪೂ ಅಲ್ಲದ ಕಡೆ, ನಿಲ್ಲಿಸಿದೆ.
ಯಾರೂ ಇಳಿಯಲಿಲ್ಲ.
ಯಾರೂ ಹತ್ತಲಿಲ್ಲ.
ಹಲಗೆ ಹಿಡಿದ ಒಬ್ಬಾತ ನೀರೊಳಗಿನ ಬಿಳುಪನ್ನು
ಎಳೆದು ಎಳೆದು ದಂಡೆಗೆ ಕೂಡಿಸುತ್ತಿದ್ದ.
ಎಷ್ಟು ಹೊತ್ತು ನಿಂತೆನೋ.
ತಡವಾಯಿತೆಂದು ಬೆಲ್ಲು ಹೊಡೆಯಲು ಯಾರೂ ಇರಲಿಲ್ಲ,
ಬೆಲ್ಲೂ ನನ್ನ ಹೆಬ್ಬೆರಳ ಕೆಳಗೇ ಇತ್ತು.

ತದಡಿಯ ದಕ್ಕೆಯಲ್ಲಿ ದೋಣಿಯ ಹುಡುಗ ಹೇಳಿದ:
'ಆಳಿಗೆ ಹತ್ತು, ಸೈಕಲ್ಲಿಗೆ ಹತ್ತು.'
'ಹೆಂಗಸರಿಗೆ ಸೊನ್ನೆ ಟಿಕೆಟ್ಟು ಇಲ್ವನ?'
'ಅದು ಡಾಂಬರಿಗೆ. ಹೊಳೆಗೆ ಇನ್ನೂ ಬರ್ಲಿಲ್ಲ.'
ಐವತ್ತು ಕೊಟ್ಟೆ.
'ಚಿಲ್ಲರೆ ಇಲ್ಲ ಅಕ್ಕ, ಇಳೀವಾಗ ಕೊಡ್ತೆ.'

ಈ ಮಾತು ನನ್ನದು. ಇದೇ ಸ್ವರ, ಇದೇ ಅವಸರ,
ಮುಖ ನೋಡದೆ ಆಡುವುದೂ ಹೀಗೆಯೇ.
ಅಘನಾಶಿನಿಯ ಅಷ್ಟಗಲ ನೀರಿನಲ್ಲಿ
ಬೆಳ್ಳಕ್ಕಿ ನೋಡಿದೆನೇ, ಕಾಂಡ್ಲಾ ಗಿಡ ನೋಡಿದೆನೇ?
ಆಚೆ ದಡದ ತನಕ ನೋಡಿದ್ದು
ಅವನ ಅಂಗಿಯ ಜೇಬು.
ಹಗ್ಗ ಬಿಗಿದು, ಇಪ್ಪತ್ತು ಕೈಗಿಟ್ಟು,
'ಹತ್ತು ವಾಪಸ್ ಬರುವಾಗ' ಅಂದ.
ವಾಪಸ್ ಬರುವ ದಾರಿ ಇದೇ ಎಂದು
ನಾನು ಯಾವಾಗ ಹೇಳಿದ್ದೆ?

ದಡದ ಮೇಲಿನ ಗೂಡಂಗಡಿಯಲ್ಲಿ
ಬನ್ಸಿನ ಎಣ್ಣೆಕೈಯನ್ನು ಸೆರಗಿಗೆ ಒರೆಸುತ್ತ
ಮುದುಕಿ ಕೇಳಿದಳು, 'ಎಲ್ಲಿಗೆ?'

ದಿನಕ್ಕೆ ಆರುನೂರು ಸಲ ನಾನೇ ಕೇಳಿದ್ದು.
ಉತ್ತರ ಹೇಳಿ ಅಭ್ಯಾಸವಿಲ್ಲ.
ಹಿಂದೆ ನಿಂತವರಿಲ್ಲ, ಬೇಗ ಹೇಳಿ ಎನ್ನುವವರಿಲ್ಲ,
ರಜೆ ಇನ್ನೂ ಐದು ದಿನ.

'ಇನ್ನೊಂದು ಬನ್ಸ್ ಹಾಕು' ಅಂದೆ.